ಬ್ಯಾರೆಲ್ ಹೊರಗೆ ಏನು ಬೇಕಾದರೂ ಮಾಡಿ, ಒಳಗೆ ಕೈ ಹಾಕಬೇಡಿ

ಈ ಸಲ ಬಂದ ಪತ್ರಗಳಲ್ಲಿ ಪೇಂಟ್‌ಬಾಲ್ ಮಾರ್ಕರ್, ಅಂದರೆ ಗಾಳಿಯ ಒತ್ತಡದಿಂದ ಬಣ್ಣದ ಗುಂಡು ಹಾರಿಸೋ ಆಟದ ಬಂದೂಕಿನ ಬಗ್ಗೆಯೇ ಜಾಸ್ತಿ ಇವೆ. ಎಲ್ಲರಿಗೂ ಅದರ ಬ್ಯಾರೆಲ್ (ನಳಿಕೆ) ಮೇಲೇ ಕಣ್ಣು. ಹಾಗಾಗಿ ಒಟ್ಟಿಗೇ ಉತ್ತರಿಸಿಬಿಡುತ್ತೇನೆ.

ಪ್ರಶ್ನೆ: ಸರ್, ಸೆಕೆಂಡ್ ಹ್ಯಾಂಡ್ ಮಾರ್ಕರ್ ತಗೊಂಡಿದ್ದೇನೆ. ಒಂದು ಬಾಲ್ ಎಡಕ್ಕೆ ಹೋದರೆ ಇನ್ನೊಂದು ನೆಲಕ್ಕೆ. ಬ್ಯಾರೆಲ್ ಒಳಗಡೆ ಸ್ಯಾಂಡ್‌ಪೇಪರ್ ಹಾಕಿ ನುಣುಪು ಮಾಡಿದರೆ ನೇರ ಹೋಗುತ್ತೆ ಅಂತ ಗೆಳೆಯ ಹೇಳುತ್ತಾನೆ. ಡ್ರಿಲ್‌ಗೆ ಒಂದು ಕಡ್ಡಿ ಸಿಕ್ಕಿಸಿ ಮಾಡಬಹುದಾ?

ಉತ್ತರ: ಬೇಡ. ನಿಮ್ಮ ಗೆಳೆಯರಿಗೆ ಅವರ ಬ್ಯಾರೆಲ್ ಮೇಲೇ ಪ್ರಯೋಗ ಮಾಡೋಕೆ ಹೇಳಿ.

ಮೊದಲು ತೊಂದರೆ ಎಲ್ಲಿದೆ ಅಂತ ನೋಡೋಣ. ಪೇಂಟ್‌ಬಾಲ್ ಅಂದರೆ ಜೆಲಾಟಿನ್ ಸಿಪ್ಪೆ, ಒಳಗೆ ಬಣ್ಣದ ದ್ರವ. 0.68 ಇಂಚು, ಅಂದರೆ ಸುಮಾರು 17.3 ಮಿಲಿಮೀಟರ್ ಅನ್ನೋದು ಬರೀ ಹೆಸರಿಗೆ. ಒಂದು ಬ್ಯಾಚ್ ಸ್ವಲ್ಪ ಸಣ್ಣಗಿರುತ್ತೆ, ಇನ್ನೊಂದು ದಪ್ಪಗಿರುತ್ತೆ, ಗಾಳಿಯಲ್ಲಿ ತೇವ ಜಾಸ್ತಿಯಾದರೆ ಸಿಪ್ಪೆ ಊದಿಕೊಳ್ಳುತ್ತೆ. ಅದಕ್ಕೇ ಬ್ಯಾರೆಲ್‌ಗಳು 0.679, 0.684, 0.689 ಹೀಗೆ ಬೇರೆ ಬೇರೆ ಒಳ ಅಳತೆಯಲ್ಲಿ ಬರುತ್ತವೆ. ಒಂದಕ್ಕೂ ಇನ್ನೊಂದಕ್ಕೂ ಇರೋ ವ್ಯತ್ಯಾಸ ಒಂದೆರಡು ತಲೆಕೂದಲಿನಷ್ಟು ದಪ್ಪ, ಅಷ್ಟೇ. ಆದರೆ ಆ ಸಂದಿಯೇ ಎಲ್ಲವನ್ನೂ ಕೆಡಿಸುತ್ತೆ. ಬಾಲ್ ಸಡಿಲವಾಗಿದ್ದರೆ ಗಾಳಿ ಅದರ ಪಕ್ಕದಿಂದ ನುಸುಳುತ್ತೆ. ಒಂದು ಸಲ ಜಾಸ್ತಿ, ಒಂದು ಸಲ ಕಡಿಮೆ. ಹಾಗಾಗಿ ವೇಗ ಪ್ರತಿ ಸಲ ಬೇರೆ, ಬಾಲ್ ಬೀಳೋ ಜಾಗವೂ ಬೇರೆ.

ಈಗ ಉಜ್ಜಿದರೆ ಏನಾಗುತ್ತೆ ಹೇಳಿ? ಒಳ ಅಳತೆ ಇನ್ನೂ ದೊಡ್ಡದಾಗುತ್ತೆ. ಅಂದರೆ ಇರೋ ಕಾಯಿಲೆಯನ್ನೇ ಹೆಚ್ಚು ಮಾಡಿಕೊಂಡ ಹಾಗೆ. ಅದರ ಮೇಲೆ, ಅಲ್ಯೂಮಿನಿಯಂ ಬ್ಯಾರೆಲ್ ಒಳಗೆ ಆನೊಡೈಸ್ ಮಾಡಿದ, ಅಂದರೆ ವಿದ್ಯುತ್ ಹಾಯಿಸಿ ಲೋಹದ ಮೇಲೇ ಬೆಳೆಸಿದ ಗಟ್ಟಿ ಪದರ ಇದ್ದರೆ ಅದು ತುಂಬಾ ತೆಳು. ಡ್ರಿಲ್‌ನಲ್ಲಿ ಒಂದೆರಡು ನಿಮಿಷ ಓಡಿಸಿದರೆ ಅದು ಹೋಗಿ ಕೆಳಗಿನ ಮೆತ್ತನೆ ಲೋಹ ಬರುತ್ತೆ. ಕಡ್ಡಿ ಒಳಗೆ ಅಲ್ಲಾಡೋದರಿಂದ ಎರಡು ತುದಿಗಳೂ ಅಗಲವಾಗಿ, ಮಧ್ಯ ಹಾಗೇ ಉಳಿಯುತ್ತೆ. ತೆಗೆದ ಲೋಹವನ್ನು ವಾಪಸ್ ಹಾಕೋಕೆ ಆಗಲ್ಲ, ಅಲ್ವಾ?

ಅದರ ಬದಲು ಹೀಗೆ ಮಾಡಿ. ಗಾಗಲ್ಸ್ ಹಾಕಿಕೊಳ್ಳಿ. ಬಾಲ್ ತುಂಬಿದ ಡಬ್ಬ ತೆಗೆದಿಡಿ. ಗಾಳಿ ಟ್ಯಾಂಕ್ ಬಿಚ್ಚಿ, ಬ್ಯಾರೆಲ್ ಕವರ್ ಹಾಕಿರುವಾಗಲೇ ಜನ ಇಲ್ಲದ ಕಡೆ ತಿರುಗಿಸಿ, ಉಳಿದ ಗಾಳಿ ಪೂರ್ತಿ ಹೋಗೋ ತನಕ ಟ್ರಿಗರ್ ಒತ್ತಿ. ಆಮೇಲೆ ಬ್ಯಾರೆಲ್ ಬಿಚ್ಚಿ. ಥ್ರೆಡ್ (ತಿರುಪಿನ ಗೆರೆ) ಇರೋ ಕಡೆಯಿಂದ ಒಂದು ಬಾಲ್ ಇಟ್ಟು ನೋಡಿ. ಸೀದಾ ಉರುಳಿಕೊಂಡು ಆ ಕಡೆ ಬಿದ್ದರೆ ಸಡಿಲ. ಬೆರಳಲ್ಲಿ ನೂಕಿದರೂ ಒಳಗೆ ಹೋಗದಿದ್ದರೆ ಬಿಗಿ. ಅಲ್ಲೇ ಕೂತು, ಬಾಯಿಂದ ಒಂದು ಸಲ ಊದಿದಾಗ ಜಾರಿ ಹೋದರೆ ಸರಿಯಾದ ಜೋಡಿ. ಒಂದೇ ಬಾಲ್ ನೋಡಿ ತೀರ್ಮಾನ ಮಾಡಬೇಡಿ. ಅದೇ ಚೀಲದಿಂದ ಇನ್ನೂ ಕೆಲವು ತೆಗೆದು ನೋಡಿ, ಒಂದೊಂದನ್ನೂ ಸ್ವಲ್ಪ ತಿರುಗಿಸಿ ಮತ್ತೆ ಇಡಿ. ಎರಡು ಅರ್ಧ ಸೇರಿಸಿದ ಜಾಗದಲ್ಲಿ ಒಂದು ಗೆರೆ ಕಾಣುತ್ತೆ ನೋಡಿ, ಅಲ್ಲಿ ಬಾಲ್ ಪೂರ್ತಿ ಗುಂಡಗೆ ಇರಲ್ಲ.

ಸಡಿಲ ಅಂತ ಗೊತ್ತಾದರೆ ಒಳಗೆ ಸ್ಲೀವ್ (ತೆಳು ಕೊಳವೆ) ಹಾಕೋ ಬ್ಯಾರೆಲ್ ಕಿಟ್ ತಗೊಳ್ಳಿ. ಮುಂದಿನ ಭಾಗ ಒಂದೇ, ಹಿಂದಿನ ಸ್ಲೀವ್ ಮಾತ್ರ ಬಾಲ್‌ಗೆ ತಕ್ಕ ಹಾಗೆ ಬದಲಾಯಿಸಬಹುದು. ನನ್ನ ಪ್ರಕಾರ ಬ್ಯಾರೆಲ್ ಮೇಲೆ ಮಾಡೋ ಖರ್ಚಿನಲ್ಲಿ ನಿಜವಾಗಿ ಉಪಯೋಗಕ್ಕೆ ಬರೋದು ಇದೊಂದೇ. ತಗೊಳ್ಳುವಾಗ ನಿಮ್ಮ ಮಾರ್ಕರ್ ಥ್ರೆಡ್ ಯಾವುದು ನೋಡಿಕೊಳ್ಳಿ. ಆಟೋಕಾಕರ್, ಸ್ಪೈಡರ್, ಟಿಪ್‌ಮನ್ ಅಂತ ಬೇರೆ ಬೇರೆ ಇವೆ, ಒಂದಕ್ಕೊಂದು ಕೂರಲ್ಲ.

ಇನ್ನೊಂದು ವಿಷಯ. ಇಷ್ಟೆಲ್ಲಾ ಮಾಡೋ ಮುಂಚೆ ಬ್ಯಾರೆಲ್ ತೊಳೆದಿದ್ದೀರಾ? ಸೆಕೆಂಡ್ ಹ್ಯಾಂಡ್ ಅಂದಿರಿ. ಒಳಗೆ ಹಳೇ ಬಣ್ಣ ಒಣಗಿ ಅಂಟಿಕೊಂಡಿದ್ದರೆ ಹೊಸ ಬಾಲ್ ಹೇಗೆ ತಾನೇ ನೇರ ಹೋಗುತ್ತೆ? ಆ ಬಣ್ಣ ನೀರಲ್ಲಿ ಕರಗುತ್ತೆ. ಬೆಚ್ಚಗಿನ ನೀರು, ಮೆತ್ತನೆ ಬಟ್ಟೆ ಸಾಕು. ಥಿನ್ನರ್, ಪೆಟ್ರೋಲ್ ಮುಟ್ಟಬೇಡಿ, ಗಾಳಿ ಸೋರದಂತೆ ಹಾಕಿರೋ ರಬ್ಬರ್ ಓ-ರಿಂಗ್‌ಗಳು ಹಾಳಾಗುತ್ತವೆ.

ಪ್ರಶ್ನೆ: ನನ್ನ ಬ್ಯಾರೆಲ್‌ನಲ್ಲಿ ತೂತುಗಳೇ ಇಲ್ಲ. ಮನೆಯಲ್ಲೇ ಡ್ರಿಲ್ ಮಾಡಿ ಸುರುಳಿ ಆಕಾರದಲ್ಲಿ ತೂತು ಹಾಕಿದರೆ ಬಾಲ್ ತಿರುಗುತ್ತಾ ಹೋಗುತ್ತಾ?

ಉತ್ತರ: ತಿರುಗಲ್ಲ. ಸುರುಳಿ ನೋಡೋಕೆ ಚಂದ, ಅಷ್ಟೇ. ತೂತುಗಳ ಕೆಲಸ ಬಾಲ್ ಹಿಂದಿನ ಗಾಳಿಯನ್ನು ನಿಧಾನವಾಗಿ ಹೊರಗೆ ಬಿಡೋದು. ಅದರಿಂದ ಸದ್ದು ಕಡಿಮೆಯಾಗುತ್ತೆ, ಗುರಿ ಏನೂ ಸುಧಾರಿಸಲ್ಲ.

ಹಾಕಲೇಬೇಕು ಅಂದರೆ ಕೇಳಿ. ಬಾಲ್‌ಗೆ ವೇಗ ಬರೋದು ಬಹುಪಾಲು ಮೊದಲ 8 ಇಂಚಿನಲ್ಲಿ. ಅಲ್ಲಿ ತೂತು ಹಾಕಿದರೆ ಗಾಳಿ ಸುಮ್ನೆ ವ್ಯರ್ಥ. 14 ಇಂಚಿನ ಬ್ಯಾರೆಲ್ ಆದರೆ ತೂತುಗಳು ಮುಂದಿನ 4 ಇಂಚಿನೊಳಗೇ ಇರಲಿ, ಅದಕ್ಕಿಂತ ಹಿಂದಕ್ಕೆ ಬರಬೇಡಿ. ಹಾಗಂತ ತೀರಾ ತುದಿ ಅಂಚಿಗೂ ಹೋಗಬೇಡಿ. ಬ್ಯಾರೆಲ್ ಒಳಗೆ ಸರಿಯಾಗಿ ಹಿಡಿಸೋ ಮರದ ಕೋಲು ತೂರಿಸಿ, ವಿ ಆಕಾರದ ಕಟ್ಟೆಯ ಮೇಲೆ ಮಲಗಿಸಿ, ತೂತಿನ ಜಾಗಕ್ಕೆ ಪಂಚ್‌ನಿಂದ ಗುರುತು ಹೊಡೆಯಿರಿ. ಇಲ್ಲದಿದ್ದರೆ ದುಂಡನೆ ಮೈಮೇಲೆ ಬಿಟ್ ಜಾರುತ್ತೆ. ಸಣ್ಣ ಬಿಟ್‌ನಿಂದ ಶುರು ಮಾಡಿ ಆಮೇಲೆ ದೊಡ್ಡದು.

ಕಷ್ಟದ ಕೆಲಸ ಇರೋದು ಡ್ರಿಲ್ ಆಫ್ ಮಾಡಿದ ಮೇಲೆ. ಪ್ರತಿ ತೂತಿನ ಒಳ ಅಂಚಲ್ಲೂ ಲೋಹದ ಚೂಪು ಎಸಳು ಎದ್ದಿರುತ್ತೆ. ಹೊರಗಿಂದ ಕಾಣಲ್ಲ. ಬ್ಯಾರೆಲ್ ಬೆಳಕಿಗೆ ಹಿಡಿದು ಒಂದು ಕಡೆಯಿಂದ ನೋಡಿದರೆ ಮೀನಿನ ಮುಳ್ಳಿನ ಹಾಗೆ ಹೊಳೆಯುತ್ತೆ. ಅಂಥದ್ದು ಒಂದೇ ಒಂದು ಉಳಿದರೂ ಬಾಲ್ ಒಳಗೇ ಸೀಳಿ ಬಣ್ಣ ರಾಡಿಯಾಗುತ್ತೆ. ಅಲ್ಲಿ ಮಾತ್ರ, ಕೈಯಿಂದ ಮಾತ್ರ, ನಯವಾದ ಸ್ಯಾಂಡ್‌ಪೇಪರ್‌ನಲ್ಲಿ ತೆಗೆಯಬೇಕು. ಕೊನೆಗೆ ಹತ್ತಿ ತುಂಡೊಂದನ್ನು ಒಳಗೆ ಎಳೆದು ನೋಡಿ. ಎಳೆ ಸಿಕ್ಕಿಕೊಂಡರೆ ಕೆಲಸ ಇನ್ನೂ ಮುಗಿದಿಲ್ಲ. ಇಷ್ಟು ತಾಳ್ಮೆ ಇಲ್ಲ ಅನ್ನೋರು ತೂತಿರೋ ಬ್ಯಾರೆಲ್ಲೇ ಕೊಂಡುಬಿಡಿ.

ಪ್ರಶ್ನೆ: ಬ್ಯಾರೆಲ್‌ನ ಕಪ್ಪು ಬಣ್ಣ ಬೇಜಾರಾಗಿದೆ. ಸ್ಪ್ರೇ ಪೇಂಟ್ ಹೊಡೆಯಬಹುದಾ?

ಉತ್ತರ: ಧಾರಾಳವಾಗಿ. ಹೊರಗಡೆ ನಿಮ್ಮ ಇಷ್ಟ. ಹಗುರವಾಗಿ ಉಜ್ಜಿ, ಎಣ್ಣೆ ಜಿಡ್ಡು ಪೂರ್ತಿ ಒರೆಸಿ, ಅಲ್ಯೂಮಿನಿಯಂ ಹಿಡಿಯುವಂಥ ಎಚ್ಚಿಂಗ್ ಪ್ರೈಮರ್ ಹೊಡೆಯಿರಿ. ಪ್ರೈಮರ್ ಇಲ್ಲದೆ ಹೊಡೆದರೆ ಒಂದೆರಡು ಆಟಕ್ಕೇ ಸಿಪ್ಪೆ ಏಳುತ್ತೆ. ಒಂದೇ ಸಲ ದಪ್ಪ ಬೇಡ, ತೆಳುವಾಗಿ ಮೂರ್ನಾಲ್ಕು ಸಲ. ಎರಡೂ ಬಾಯಿಗೆ ಸುತ್ತಿದ ಕಾಗದ ತುರುಕಿ, ಥ್ರೆಡ್‌ಗೆ ಟೇಪ್ ಸುತ್ತಿ. ಆಟೋಕಾಕರ್ ಥ್ರೆಡ್ ಅಂದರೆ ಇಂಚಿಗೆ 20 ಸುತ್ತು, ಅಷ್ಟು ಸಣ್ಣ ಗೆರೆಯಲ್ಲಿ ಬಣ್ಣ ಕೂತರೆ ಬ್ಯಾರೆಲ್ ಸಿಕ್ಕಿಹಾಕಿಕೊಳ್ಳುತ್ತೆ. ಮನೆಯಲ್ಲೇ ಆನೊಡೈಸ್ ಮಾಡ್ತೀನಿ ಅಂತ ಹೊರಡಬೇಡಿ, ಅದಕ್ಕೆ ಗಂಧಕಾಮ್ಲ ಬೇಕು, ಆಟದ ಸಾಮಾನಿಗೆ ಅಷ್ಟು ಅಪಾಯ ಯಾಕೆ?

ಪ್ರಶ್ನೆ: ರೈಫಲ್ ತರಹ ಒಳಗೆ ಗೆರೆ ಕೊರೆದರೆ?

ಉತ್ತರ: ಒಳಗಿರೋದು ದ್ರವ. ಸಿಪ್ಪೆ ತಿರುಗಿದರೂ ದ್ರವ ಹಿಂದೆ ಉಳಿದು ತಡೆಯುತ್ತೆ. ಬಿಟ್ಟುಬಿಡಿ.

ಪ್ರಶ್ನೆ: ಉದ್ದ ಬ್ಯಾರೆಲ್ ಇದ್ದರೆ ದೂರ ಹೋಗುತ್ತೆ, ಗೆಲ್ಲಬಹುದು ಅಂತಾರೆ. ನಿಜವಾ?

ಉತ್ತರ: ದೂರ ನಿರ್ಧಾರ ಆಗೋದು ವೇಗದಿಂದ, ವೇಗಕ್ಕೆ ಮೈದಾನದಲ್ಲಿ ಮಿತಿ ಇದೆ. 12 ರಿಂದ 14 ಇಂಚು ಧಾರಾಳ ಸಾಕು. ಅದಕ್ಕಿಂತ ಉದ್ದವಾದರೆ ಪೊದೆ ಸರಿಸೋಕೆ ಅನುಕೂಲ, ಅಷ್ಟೇ. ಗೆಲ್ಲೋ ಮಾತು ಬಂತಲ್ಲ, 1981 ರ ಜೂನ್ 27 ರಂದು ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ಕಾಡಿನಲ್ಲಿ 12 ಜನ ಮೊದಲ ಆಟ ಆಡಿದರು, ಮರಗಳಿಗೆ ಗುರುತು ಹಾಕೋ ಪಿಸ್ತೂಲು ಹಿಡಿದುಕೊಂಡು. ಗೆದ್ದ ವ್ಯಕ್ತಿ ಕಾಡಿನ ಕೆಲಸ ಬಲ್ಲವರು, ಒಂದು ಬಾಲನ್ನೂ ಹೊಡೆಯದೆ ಗೆದ್ದರು.

ಪ್ರಶ್ನೆ: ಬ್ಯಾರೆಲ್ ಬದಲಾಯಿಸಿದ ಮೇಲೆ ಮತ್ತೆ ಏನಾದರೂ ನೋಡಬೇಕಾ?

ಉತ್ತರ: ವೇಗ. ಇದನ್ನು ಮರೆಯೋರೇ ಜಾಸ್ತಿ. ಬಿಗಿಯಾದ ಬ್ಯಾರೆಲ್ ಹಾಕಿದರೆ ಗಾಳಿ ಪೋಲಾಗದೆ ವೇಗ ತಾನಾಗೇ ಏರುತ್ತೆ, ನೀವು ವೇಗ ಹೊಂದಿಸೋ ಸ್ಕ್ರೂ ಮುಟ್ಟದೇ ಇದ್ದರೂ. ಹೆಚ್ಚಿನ ಮೈದಾನಗಳಲ್ಲಿ ಮಿತಿ ಸೆಕೆಂಡಿಗೆ 280 ರಿಂದ 300 ಅಡಿ. ಸ್ಲೀವ್ ಬದಲಾಯಿಸಿದಾಗ, ತೂತು ಹಾಕಿದಾಗ, ಬೇರೆ ಬ್ಯಾಚ್ ಬಾಲ್ ತುಂಬಿದಾಗ, ಪ್ರತಿ ಸಲವೂ ಕ್ರೋನೋಗ್ರಾಫ್ (ವೇಗ ಅಳೆಯೋ ಯಂತ್ರ) ಮುಂದೆ ಕೆಲವು ಬಾಲ್ ಹೊಡೆದು ನೋಡಿ. ಒಂದು ಸಲ ಅಳೆದು ಸುಮ್ಮನಾಗಬೇಡಿ, ಅತಿ ಹೆಚ್ಚು ಬಂದ ಸಂಖ್ಯೆಯೂ ಮಿತಿ ಒಳಗಿರಬೇಕು. ಮೀರಿದರೆ ಮೈದಾನದವರು ಆಡೋಕೆ ಬಿಡಲ್ಲ, ಬಿಡಲೂಬಾರದು.