ಬೆಟ್ಟದ ಸ್ನೋಮೊಬೈಲ್‌ಗೆ ಹಗುರವಾದ ಹಿಂಬದಿ ಸಸ್ಪೆನ್ಷನ್: ಶಾಕ್ ಮಾತ್ರ ಬದಲಿಸಿದರೆ ಸಾಕೇ, ಇಡೀ ಸ್ಕಿಡ್ ಬೇಕೇ?

ನಿಮ್ಮದು 154 ಇಂಚು ಟ್ರ್ಯಾಕ್ (ಹಿಮದ ಮೇಲೆ ಗಾಡಿಯನ್ನು ತಳ್ಳುವ ರಬ್ಬರ್ ಪಟ್ಟಿ), ಹಿಂದೆ ಉಕ್ಕಿನ ಟಾರ್ಷನ್ ಸ್ಪ್ರಿಂಗ್ (ತಿರುಚಿಕೊಂಡು ಭಾರ ಹೊರುವ ಸ್ಪ್ರಿಂಗ್) ಇರುವ ಗಾಡಿ. ಟಾರ್ಷನ್ ಕಿತ್ತು ಏರ್ ಶಾಕ್ (ಒಳಗಿನ ಗಾಳಿಯೇ ಸ್ಪ್ರಿಂಗಿನ ಕೆಲಸ ಮಾಡುವ ಶಾಕ್) ಹಾಕಿದರೆ ಸಾಕೇ ಅಂತ ಕೇಳಿದ್ದೀರಿ. ಸಾಲದು. ಹಾಕುವುದಾದರೆ ನಿಮ್ಮ ಚಾಸಿಗೆಂದೇ ಮಾಡಿದ ಪೂರ್ತಿ ಸ್ಕಿಡ್, ಅಂದರೆ ಟ್ರ್ಯಾಕಿನ ಒಳಗೆ ಕೂರುವ ಇಡೀ ಹಿಂಬದಿ ಸಸ್ಪೆನ್ಷನ್ ಹಾಕಿ, ಇಲ್ಲವೇ ಶಾಕ್ ಜೊತೆಗೆ ಗಟ್ಟಿಯಾದ ಬ್ರ್ಯಾಕೆಟ್ಟೂ ಬರುವ ಕಿಟ್ ತೆಗೆದುಕೊಳ್ಳಿ.

ಟಾರ್ಷನ್ ಇರುವ ಸ್ಕಿಡ್‌ನಲ್ಲಿ ಹಿಂದಿನ ಭಾರ ಹೊರುವುದು ಆ ಎರಡು ಸ್ಪ್ರಿಂಗುಗಳು. ಹಿಂದಿನ ಶಾಕ್‌ಗೆ ಇರುವುದು ಕುಲುಕಾಟ ತಗ್ಗಿಸುವ ಕೆಲಸ ಮಾತ್ರ, ಅದು ಕೂತ ಬ್ರ್ಯಾಕೆಟ್ಟು, ಅಡ್ಡ ಶಾಫ್ಟು ಎಲ್ಲವೂ ಅಷ್ಟಕ್ಕೇ ಲೆಕ್ಕ ಹಾಕಿ ಮಾಡಿದವು. ಸ್ಪ್ರಿಂಗ್ ಕಿತ್ತು ಏರ್ ಶಾಕ್ ಕೂರಿಸಿದ ದಿನದಿಂದ ಗಾಡಿ ಮತ್ತು ಸವಾರನ ಭಾರವೆಲ್ಲ ಆ ಸಣ್ಣ ಬ್ರ್ಯಾಕೆಟ್ಟಿನ ಮೇಲೆ. ಮೊದಲು ಬೋಲ್ಟಿನ ತೂತು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ, ಆಮೇಲೆ ಶಾಫ್ಟು ಬಾಗುತ್ತದೆ. ಅದೂ ಯಾವಾಗ? ದಿಬ್ಬ ಹಾರಿ ನೆಲಕ್ಕೆ ಬಡಿದಾಗ, ವಾಪಸು ಬರಲು ಇನ್ನೂ ಬಹಳ ದೂರ ಇರುವಾಗ.

ಈಗ ತೂಕದ ವಿಷಯ. ಉಕ್ಕಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 7.8 ಗ್ರಾಂ, ಟೈಟಾನಿಯಂನದು 4.5, ಅಲ್ಯೂಮಿನಿಯಂನದು 2.7. ಹಾಗಾಗಿ ನಿಜವಾದ ಉಳಿತಾಯ ಆಗುವುದು ಉಕ್ಕು ಹೋದ ಜಾಗದಲ್ಲಿ: ಸ್ಪ್ರಿಂಗು, ತೋಳು (ಸ್ಕಿಡ್ಡನ್ನು ಗಾಡಿಗೆ ಜೋಡಿಸುವ ಭಾಗ), ಶಾಫ್ಟು. ಟ್ರ್ಯಾಕ್ ಜಾರುವ ಉದ್ದ ಪಟ್ಟಿಗಳಾದ ರೈಲುಗಳು ಮೊದಲೇ ಅಲ್ಯೂಮಿನಿಯಂ, ಅಲ್ಲಿ ಹೆಚ್ಚೇನೂ ಸಿಗುವುದಿಲ್ಲ. ಮಾರುವವರು ಹೇಳುವ ತೂಕದಲ್ಲಿ ಚಕ್ರ, ಹಿಂದಿನ ಆಕ್ಸಲ್, ಹೈಫ್ಯಾಕ್ಸ್ (ರೈಲಿನ ಅಡಿಯ ಪ್ಲಾಸ್ಟಿಕ್ ಪಟ್ಟಿ) ಸೇರಿವೆಯೇ ಅಂತ ಕೇಳಿ, ಎಷ್ಟೋ ಸಲ ಸೇರಿರುವುದಿಲ್ಲ. ಹಳೆಯದನ್ನು ಬಿಚ್ಚಿದ ಮೇಲೆ ಬೋಲ್ಟು ಸಮೇತ ತೂಗುತಕ್ಕಡಿಗೆ ನೇತುಹಾಕಿ ನೋಡಿ. ಕೊಂಡ ಮೇಲೆ ಗೊತ್ತಾಗುವುದಕ್ಕಿಂತ ಮುಂಚೆ ಗೊತ್ತಾಗುವುದು ಒಳ್ಳೆಯದಲ್ಲವೇ.

ಕೊಳ್ಳುವಾಗ ಮೂರು ಅಳತೆ ಹೊಂದಬೇಕು. ಒಂದು, ಟ್ರ್ಯಾಕ್ ಉದ್ದಕ್ಕೆ ತಕ್ಕ ರೈಲು. ಟ್ರ್ಯಾಕ್ ಒಂದು ಸುತ್ತು, ಮೇಲೊಂದು ಪದರ, ಕೆಳಗೊಂದು ಪದರ. ಆದ್ದರಿಂದ 155ರಿಂದ 163 ಇಂಚಿಗೆ ಹೋದರೆ ರೈಲು ಉದ್ದವಾಗಬೇಕಾದ್ದು 8 ಇಂಚಲ್ಲ, ಸುಮಾರು 4. ಎರಡು, ಪಿಚ್, ಅಂದರೆ ಟ್ರ್ಯಾಕಿನ ಹಲ್ಲಿನ ಒಂದು ಸಾಲಿನಿಂದ ಮುಂದಿನ ಸಾಲಿಗೆ ಇರುವ ದೂರ. 2.86 ಇಂಚು ಪಿಚ್ಚಿನ ಟ್ರ್ಯಾಕಿಗೆ 3 ಇಂಚು ಪಿಚ್ಚಿನ ಡ್ರೈವರ್ (ಟ್ರ್ಯಾಕನ್ನು ತಿರುಗಿಸುವ ಹಲ್ಲಿನ ಚಕ್ರ) ಕೂರುವುದಿಲ್ಲ. ಸ್ಕಿಡ್ ಜೊತೆಗೇ ಟ್ರ್ಯಾಕನ್ನೂ ಬದಲಿಸುವವರು ಎಡವುವುದು ಇಲ್ಲೇ. ಮೂರು, ಡ್ರೈವ್ ಶಾಫ್ಟಿನಿಂದ ಮುಂದಿನ ತೋಳಿನ ತೂತಿಗೆ ಇರುವ ದೂರ. ಇದು ಚಾಸಿಯಿಂದ ಚಾಸಿಗೆ ಬೇರೆ. ಇದನ್ನು ಅಂದಾಜಿನಲ್ಲಿ ಹೊಂದಿಸಲು ಹೋಗಬೇಡಿ.

ಬಿಚ್ಚುವಾಗ ಹಿಂದಿನ ಬಂಪರನ್ನು ಎತ್ತಿ ಭದ್ರವಾದ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಹಿಂದಿನ ಆಕ್ಸಲ್ ಬೋಲ್ಟ್ ಸಡಿಲಿಸಿ, ಎರಡೂ ಬದಿಯ ಟ್ರ್ಯಾಕ್ ಅಡ್ಜಸ್ಟರುಗಳನ್ನು ಪೂರ್ತಿ ಸಡಿಲಿಸಿ. ಟಾರ್ಷನ್ ಸ್ಪ್ರಿಂಗಿನ ಕಾಲನ್ನು ಅದಕ್ಕೆಂದೇ ಇರುವ ಕೊಕ್ಕೆಯಿಂದ ಬ್ಲಾಕಿನಿಂದ ಇಳಿಸಿ; ಸ್ಕ್ರೂಡ್ರೈವರಿನಿಂದ ಮೀಟಿದರೆ ಬೆರಳು ಹೋದೀತು. ಇನ್ನು ಉಳಿಯುವುದು ಟನಲ್ಲಿಗೆ (ಟ್ರ್ಯಾಕಿನ ಮೇಲೆ ಕವಿದಿರುವ ಗಾಡಿಯ ಒಡಲು) ಸೇರಿದ ಬೋಲ್ಟುಗಳು. ಒಂದು ಕಡೆಯದನ್ನು ಪೂರ್ತಿ ಬಿಚ್ಚಿಬಿಟ್ಟರೆ, ಇನ್ನೊಂದು ಕಡೆಯದನ್ನು ತಿರುಗಿಸುವಾಗ ಒಳಗಿನ ಶಾಫ್ಟೂ ಅದರ ಜೊತೆ ತಿರುಗುತ್ತದೆ, ಬೋಲ್ಟು ಇದ್ದಲ್ಲೇ ಇರುತ್ತದೆ. ಅದಕ್ಕೆ ಎರಡೂ ಕಡೆ ಸಾಕೆಟ್ ಹಾಕಿ, ಒಂದನ್ನು ಹಿಡಿದುಕೊಂಡು ಇನ್ನೊಂದರ ಬಿಗಿ ಮುರಿಯಿರಿ. ಆಮೇಲೆ ಬಿಗಿ ಮುರಿದದ್ದನ್ನು ಸ್ವಲ್ಪ ಮತ್ತೆ ಬಿಗಿಸಿ ಆಚೆಯದರ ಬಿಗಿ ಮುರಿಯಿರಿ. ಎರಡೂ ಸಡಿಲಾದ ಮೇಲೆ ಕೈಯಲ್ಲೇ ಬರುತ್ತವೆ. ಗಾಡಿಯನ್ನು ಹಳೆಯ ರಟ್ಟಿನ ಮೇಲೆ ಬದಿಗೆ ಮಲಗಿಸಿ ಸ್ಕಿಡ್ ಎಳೆಯಿರಿ. ಪೆಟ್ರೋಲು ತುಂಬಿದ್ದರೆ ಮೊದಲು ಇಳಿಸಿಕೊಳ್ಳಿ.

ಹೊಸದನ್ನು ತೂರಿಸುವಾಗ ಏರ್ ಶಾಕ್‌ಗಳ ಗಾಳಿ ತೆಗೆದುಬಿಡಿ. ಆಗ ಒಂದು ರಾಚೆಟ್ ಪಟ್ಟಿಯಿಂದ ಸ್ಕಿಡ್ಡನ್ನು ಬಿಗಿದು ಚಪ್ಪಟೆ ಮಾಡಬಹುದು, ತೂತುಗಳು ತಾವಾಗಿ ಎದುರುಬದುರಾಗುತ್ತವೆ. ಮುಂದಿನ ತೋಳು ಮೊದಲು, ಹಿಂದಿನದು ಆಮೇಲೆ. ಬೋಲ್ಟಿನ ಎಳೆಗಳನ್ನು ಒರೆಸಿ, ನೀಲಿ ಥ್ರೆಡ್‌ಲಾಕ್ (ಬೋಲ್ಟು ಸಡಿಲಾಗದಂತೆ ಹಿಡಿಯುವ ಅಂಟು) ಹಚ್ಚಿ, ಸ್ಕಿಡ್ ಜೊತೆ ಬಂದ ಚೀಟಿಯಲ್ಲಿನ ಟಾರ್ಕಿಗೆ ಬಿಗಿಸಿ. ಟನಲ್‌ನಲ್ಲಿ ಹೊಸ ತೂತು ಕೊರೆಯಬೇಕಿದ್ದರೆ ಮೊದಲು ಒಳಗೆ ತಲೆ ಹಾಕಿ ಕೂಲರ್ (ಎಂಜಿನ್ನಿನ ಶೀತಕವನ್ನು ತಣ್ಣಗಾಗಿಸುವ ಭಾಗ) ಎಲ್ಲಿ ಹಾದುಹೋಗಿದೆ ನೋಡಿ. ಡ್ರಿಲ್ಲು ಒಂದಿಷ್ಟು ಒಳಕ್ಕೆ ಹೋಗಿ ಕೂಲರ್ ತೂತಾದರೆ ಸ್ಕಿಡ್ಡಿಗಿಂತ ದೊಡ್ಡ ಕೆಲಸ ಮೈಮೇಲೆ. ಕೊರೆದ ಜಾಗಕ್ಕೆ ಬಲವರ್ಧಕ ತಗಡು ಕಡ್ಡಾಯ. ಗಾಳಿ ತುಂಬುವ ಮುನ್ನ ಸಸ್ಪೆನ್ಷನ್ನನ್ನು ಪೂರ್ತಿ ಒತ್ತಿ, ಟ್ರ್ಯಾಕಿನ ಹಲ್ಲು ಕೂಲರಿಗೆ ತಾಗುತ್ತದೆಯೇ ನೋಡಿ. 3 ಇಂಚಿನ ಹಲ್ಲಿದ್ದರೆ ಇದನ್ನು ಬಿಡಲೇಬಾರದು.

ಟ್ರ್ಯಾಕಿನ ಬಿಗಿಯನ್ನು ಮ್ಯಾನ್ಯುಯಲ್ ಹೇಳುವ ತೂಕ ನೇತುಹಾಕಿ, ರೈಲಿನಿಂದ ಎಷ್ಟು ಜೋತುಬೀಳುತ್ತದೆ ಅಂತ ಅಳೆದು ಇಡಿ. ತೀರ ಸಡಿಲಾದರೆ ಥ್ರಾಟಲ್ ಕೊಟ್ಟಾಗ ಡ್ರೈವರ್ ಹಲ್ಲು ಜಾರಿ ಟಕಟಕ ಸದ್ದು ಬರುತ್ತದೆ. ಬಿಗಿಯಾದರೆ ಹೈಫ್ಯಾಕ್ಸು, ಬೇರಿಂಗು ಸವೆಯುತ್ತವೆ. ಟ್ರ್ಯಾಕ್ ಯಾವಾಗಲೂ ಸಡಿಲ ಇರುವ ಬದಿಗೆ ಸರಿಯುತ್ತದೆ. ಎಡಕ್ಕೆ ಸರಿದಿದ್ದರೆ ಎಡ ಅಡ್ಜಸ್ಟರನ್ನು ಕಾಲು ಸುತ್ತು ಬಿಗಿಸಿ, ನಿಧಾನ ತಿರುಗಿಸಿ ನೋಡಿ. ತಿರುಗುವಾಗ ಹಿಂದೆ ಯಾರೂ ನಿಲ್ಲಕೂಡದು.

ಹೊಸ ಸ್ಕಿಡ್ ಹಾಕಿದವರು ‘ಸ್ಕೀ ನೆಲ ಹಿಡಿಯುವುದಿಲ್ಲ’ ಅಂತ ಗೊಣಗುವುದು ಸಾಮಾನ್ಯ. ಮುಂದಿನ ತೋಳು ಹೆಚ್ಚು ಕೆಳಗಿಳಿಯದಂತೆ ತಡೆಯುವ ಪಟ್ಟಿಯನ್ನು (ಲಿಮಿಟರ್ ಸ್ಟ್ರ್ಯಾಪ್) ಒಂದು ತೂತು ಗಿಡ್ಡ ಮಾಡಿ: ಮುಂದಿನ ತೋಳು ಮೇಲೆ ಎಳೆಯಲ್ಪಟ್ಟು ಸ್ಕೀಗೆ ಭಾರ ಬರುತ್ತದೆ. ಉದ್ದ ಬಿಟ್ಟರೆ ಮೂತಿ ಸುಲಭವಾಗಿ ಮೇಲೇಳುತ್ತದೆ. ಒಂದೊಂದೇ ತೂತು ಬದಲಿಸಿ. ಸ್ಟ್ರ್ಯಾಪ್ ಎರಡಿದ್ದರೆ ಎರಡೂ ಒಂದೇ ತೂತಿನಲ್ಲಿರಲಿ. ಪ್ರತಿ ಸಲವೂ ಟ್ರ್ಯಾಕಿನ ಬಿಗಿಯನ್ನು ಮತ್ತೆ ನೋಡಿ.

ಏರ್ ಶಾಕ್‌ನ ತಲೆನೋವು ಚಳಿ. 20 ಡಿಗ್ರಿ ಬೆಚ್ಚಗಿರುವ ಷೆಡ್ಡಿನಲ್ಲಿ 75 ಪಿಎಸ್‌ಐ ತುಂಬಿದ್ದೀರಿ ಅನ್ನಿ. ಗೇಜು ತೋರಿಸುವುದು ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಅನ್ನುವುದನ್ನು ಮಾತ್ರ, ಅದಕ್ಕೆ ಸಮುದ್ರಮಟ್ಟದ ಗಾಳಿಯ ಒತ್ತಡ 14.7 ಸೇರಿಸಿದರೆ ನಿಜವಾದ ಒತ್ತಡ 89.7. ಹೊರಗೆ ಮೈನಸ್ 20ಕ್ಕೆ ಇಳಿದರೆ ಅದು 77ರ ಆಸುಪಾಸಿಗೆ ಬರುತ್ತದೆ, ಗೇಜಿನಲ್ಲಿ ಸುಮಾರು 63. ಒಂದು ಹನಿ ಸೋರಿಕೆ ಇಲ್ಲದೆ 12 ಪಿಎಸ್‌ಐ ಹೋಯಿತು. 3000 ಮೀಟರ್ ಎತ್ತರಕ್ಕೆ ಹೋದರೆ ಹೊರಗಿನ ಒತ್ತಡ ತಗ್ಗಿ ಗೇಜು 67 ತೋರಿಸೀತು, ಆದರೆ ಒಳಗಿನ ಗಾಳಿ ಹಾಗೇ ಇರುತ್ತದೆ. ಆದ್ದರಿಂದ ಗಾಡಿಯನ್ನು ಹೊರಗೆ ನಿಲ್ಲಿಸಿ, ಶಾಕ್ ತಣ್ಣಗಾದ ಮೇಲೆ, ಹಿಂಭಾಗ ಎತ್ತಿ ಶಾಕ್ ಪೂರ್ತಿ ಚಾಚಿರುವಾಗ ತುಂಬಿ. ಎರಡು ಕೋಣೆ ಇರುವ ಶಾಕ್ ಆದರೆ ಮುಖ್ಯ ಕೋಣೆ ಮೊದಲು. ಟೈರ್ ಗೇಜು ಹಚ್ಚಬೇಡಿ. ಒಳಗಿರುವ ಗಾಳಿಯೇ ಚೂರು, ಅಳೆಯುವಾಗಲೇ ಸಾಕಷ್ಟು ಹೋಗುತ್ತದೆ. ಶಾಕ್ ಪಂಪನ್ನು ಬಿಚ್ಚುವಾಗ ಬರುವ ‘ಸ್ಸ್’ ಸದ್ದು ಪೈಪಿನೊಳಗಿನ ಗಾಳಿಯದು, ಅದಕ್ಕೆ ಗಾಬರಿ ಬೇಡ. ಸವಾರ ತನ್ನ ಬಟ್ಟೆ, ಹೆಲ್ಮೆಟ್, ಚೀಲ ಸಮೇತ ಹತ್ತಿ ನಿಂತಾಗ ಹಿಂಭಾಗ ತನ್ನ ಓಟದ ಕಾಲು ಭಾಗದಿಂದ ಮೂರರಲ್ಲೊಂದು ಭಾಗದಷ್ಟು ಕುಸಿದರೆ ಶುರುವಿಗೆ ಅದು ಸರಿಯಾದ ಅಳತೆ.

ಇನ್ನೂ ಹಗುರ ಮಾಡುವ ಆಸೆಗೆ ಟ್ರ್ಯಾಕಿನ ಒಳಬದಿಗೆ ತಾಗಿ ಉರುಳುವ ಐಡ್ಲರ್ ಚಕ್ರ ಕಿತ್ತುಹಾಕುವವರಿದ್ದಾರೆ. ಪುಡಿ ಹಿಮದಲ್ಲಿ ನಡೆಯುತ್ತದೆ, ಹೈಫ್ಯಾಕ್ಸನ್ನು ತಂಪಾಗಿ ಜಾರುವಂತೆ ಇಡುವುದು ಆ ಹಿಮವೇ. ಗಟ್ಟಿ ದಾರಿಯಲ್ಲಿ ಹಿಮ ಸಿಗದೆ ಪ್ಲಾಸ್ಟಿಕ್ಕು ಕರಗಿ ಟ್ರ್ಯಾಕಿನ ಕ್ಲಿಪ್ಪಿಗೆ ಮೆತ್ತಿಕೊಳ್ಳುತ್ತದೆ. ಚಕ್ರ ಹಾಗೇ ಇರಲಿ, ಜೊತೆಗೆ ಗಟ್ಟಿ ನೆಲವನ್ನು ಗೀರಿ ಹೈಫ್ಯಾಕ್ಸಿಗೆ ಹಿಮ ಚಿಮ್ಮಿಸುವ ಐಸ್ ಸ್ಕ್ರ್ಯಾಚರ್ ಒಂದು ಜೋಡಿ ಹಾಕಿ. ದಿನದ ಕೊನೆಗೆ ಶಾಕ್ ದಂಡದ ಮೇಲಿನ ಮಂಜುಗಡ್ಡೆಯನ್ನು ಕೈಯಿಂದ ಒರೆಸಿ, ಗಡ್ಡೆ ಹಾಗೇ ಉಳಿದು ಸೀಲಿಗೆ ಉಜ್ಜಿದರೆ ಸೀಲು ಹರಿಯುತ್ತದೆ. ಮೊದಲ ಓಟ ಮುಗಿದ ಮೇಲೆ ಟನಲ್ ಬೋಲ್ಟುಗಳ ಟಾರ್ಕನ್ನೂ ಟ್ರ್ಯಾಕಿನ ಬಿಗಿಯನ್ನೂ ಮತ್ತೊಮ್ಮೆ ನೋಡಿ. ಹೊಸ ಸ್ಕಿಡ್ ಒಂದಿಷ್ಟು ಕೂತುಕೊಂಡಿರುತ್ತದೆ.