ಮಗನ ಸುನ್ನತಿ ಆಪರೇಷನ್‌ಗೆ ಆಯುಷ್ಮಾನ್ ಕಾರ್ಡ್ ನಡೆಯುತ್ತಾ?

ನೀವು ಕೇಳಿದ್ದು ಇಷ್ಟು. ಊರು ಹೊಸನಗರ ಕಡೆ, ಮಗನಿಗೆ ಐದು ವರ್ಷ, ಮೂತ್ರ ಮಾಡುವಾಗ ತುದಿಯ ಚರ್ಮ ಉಬ್ಬುತ್ತದೆ. ಒಂದು ಖಾಸಗಿ ಕ್ಲಿನಿಕ್‌ನಲ್ಲಿ ಸುನ್ನತಿ ಮಾಡಿಸಿಬಿಡಿ ಎಂದಿದ್ದಾರೆ. ಬಿಪಿಎಲ್ ಕಾರ್ಡ್ ಇದೆ, ಅದರಲ್ಲಿ ಆಗುತ್ತಾ?

ಕಾಯಿಲೆಗಾಗಿ ಮಾಡಿಸುವುದಾದರೆ ಆಗುತ್ತದೆ. ಆದರೆ ಸರ್ಕಾರಿ ಆಸ್ಪತ್ರೆಯ ಬಾಗಿಲಿನಿಂದಲೇ ಶುರುವಾಗಬೇಕು. ಮತ್ತೆ ಕಾರ್ಡ್ ವಿಷಯಕ್ಕಿಂತ ಮೊದಲು, ನಿಮ್ಮ ಮಗನಿಗೆ ಆಪರೇಷನ್ ಬೇಕಾ ಅನ್ನೋದನ್ನು ನೋಡಬೇಕು. ನಾನು ಶಿವಮೊಗ್ಗ ಜಿಲ್ಲೆಯಲ್ಲಿ ಆರೋಗ್ಯ ಮಿತ್ರನಾಗಿ, ಅಂದರೆ ಈ ಯೋಜನೆಯಲ್ಲಿ ಬರುವವರಿಗೆ ಆಸ್ಪತ್ರೆಯಲ್ಲಿ ದಾರಿ ತೋರಿಸುವವನಾಗಿ ಕೆಲಸ ಮಾಡಿದವನು, ಡಾಕ್ಟರ್ ಅಲ್ಲ. ಕೌಂಟರಿನ ಈ ಕಡೆ ಕೂತು ಚೀಟಿ ನೋಡುವ ಕೆಲಸ. ಇದೇ ಪ್ರಶ್ನೆ ಹಿಡಿದು ಬಂದ ಅಪ್ಪ ಅಮ್ಮಂದಿರಲ್ಲಿ ಎಷ್ಟೋ ಜನ, ಒಳಗೆ ಸರ್ಜನ್‌ಗೆ ತೋರಿಸಿದ ಮೇಲೆ ಒಂದು ಮುಲಾಮಿನ ಚೀಟಿ ಹಿಡಿದು ವಾಪಸ್ ಹೋಗುತ್ತಿದ್ದರು.

ಹುಟ್ಟುವಾಗ ಬಹುತೇಕ ಎಲ್ಲ ಗಂಡು ಮಕ್ಕಳಿಗೂ ಮುಂದೊಗಲು ಹಿಂದಕ್ಕೆ ಸರಿಯುವುದಿಲ್ಲ. ಒಳಗೆ ಅಂಟಿಕೊಂಡಿರುತ್ತದೆ. ವರ್ಷ ಕಳೆದಂತೆ ತಾನಾಗಿ ಬಿಡುತ್ತದೆ. ಡೆನ್ಮಾರ್ಕ್‌ನ ಶಾಲಾ ಹುಡುಗರನ್ನು ವರ್ಷಗಟ್ಟಲೆ ನೋಡಿ 1968ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ. ಅದರಲ್ಲಿ 6-7 ವರ್ಷದವರಲ್ಲಿ ಶೇ 8ರಷ್ಟು ಮಕ್ಕಳಿಗೆ ಚರ್ಮ ಬಿಗಿಯಾಗಿತ್ತು. 16-17 ವರ್ಷದವರಲ್ಲಿ ಅದು ಶೇ 1 ಮಾತ್ರ. ನಿಮ್ಮ ಮಗನಿಗೆ ಇನ್ನೂ ಐದು. ಮೂತ್ರ ಮಾಡುವಾಗ ಸ್ವಲ್ಪ ಉಬ್ಬುವುದು, ಆಮೇಲೆ ಸರಿಹೋಗುವುದು, ನೋವಿಲ್ಲ, ಜ್ವರ ಇಲ್ಲ ಅಂದರೆ ಅದಷ್ಟರಿಂದಲೇ ಕತ್ತರಿ ಹಿಡಿಯಬೇಕಾಗಿಲ್ಲ.

ಆಪರೇಷನ್ ಬೇಕಾಗುವ ಲಕ್ಷಣ ಬೇರೆ. ತುದಿಯ ಚರ್ಮ ಬಿಳಿಚಿಕೊಂಡು, ಗಟ್ಟಿಯಾಗಿ, ಬಳೆಯ ಹಾಗೆ ಸುತ್ತಿಕೊಂಡಿರುವುದು. ಕೀವು, ಊತ ಮತ್ತೆ ಮತ್ತೆ ಬರುವುದು. ಮೂತ್ರದ ಸೋಂಕು ಪದೇ ಪದೇ ಆಗುವುದು. ಸಣ್ಣ ಧಾರೆ, ತಿಣುಕಿ ತಿಣುಕಿ ಮಾಡುವುದು, ಅಳುವುದು. ಇಂಥ ಬಿಗಿತಕ್ಕೆ ಡಾಕ್ಟರುಗಳು ಫೈಮೋಸಿಸ್ ಎನ್ನುತ್ತಾರೆ. ಕಲೆ ಕಟ್ಟಿ ಗಟ್ಟಿಯಾಗಿಲ್ಲದಿದ್ದರೆ ಸಾಮಾನ್ಯವಾಗಿ ಮೊದಲು ಸ್ಟೀರಾಯ್ಡ್ ಮುಲಾಮು ಕೊಡುತ್ತಾರೆ. ದಿನಕ್ಕೆ ಎರಡು ಸಲ, ನಾಲ್ಕರಿಂದ ಎಂಟು ವಾರ, ಬಿಗಿ ಇರುವ ಜಾಗಕ್ಕೇ ತೆಳ್ಳಗೆ ಹಚ್ಚುವುದು. ಬಹಳ ಮಕ್ಕಳಿಗೆ ಇದರಲ್ಲೇ ಸಡಿಲವಾಗುತ್ತದೆ. ಅಂಗಡಿಯಲ್ಲಿ ಕೇಳಿ ಸುಮ್ನೆ ಯಾವುದೋ ಟ್ಯೂಬ್ ತಂದು ಹಚ್ಚಬೇಡಿ, ಡಾಕ್ಟರ್ ಬರೆದದ್ದನ್ನೇ ಹಚ್ಚಿ.

ಇನ್ನೊಂದು ಮಾತು. ನಮ್ಮ ಕಡೆ ಎಣ್ಣೆ ನೀರು ಹಾಕುವಾಗ ಬಚ್ಚಲಲ್ಲಿ ಕೂರಿಸಿಕೊಂಡು, ಹಂಡೆ ನೀರು ಹೊಯ್ಯುತ್ತಾ, ಅಜ್ಜಿಯರು ಮಗುವಿನ ಚರ್ಮವನ್ನು ದಿನಾ ಹಿಂದಕ್ಕೆ ಎಳೆದು ತೊಳೆಯುವ ಅಭ್ಯಾಸ ಇದೆ. ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಅಂಟಿಕೊಂಡ ಚರ್ಮವನ್ನು ಜೋರಾಗಿ ಎಳೆದರೆ ಸಣ್ಣಗೆ ಹರಿಯುತ್ತದೆ, ರಕ್ತ ಬರುತ್ತದೆ, ವಾಸಿಯಾಗುವಾಗ ಗಟ್ಟಿ ಕಲೆ ಕಟ್ಟುತ್ತದೆ. ಇಲ್ಲದ ಫೈಮೋಸಿಸ್ ಅಲ್ಲಿ ಹುಟ್ಟುತ್ತದೆ. ಮನೆಯಲ್ಲಿ ಹಿರಿಯರಿಗೆ ಇದನ್ನು ಮೆತ್ತಗೆ ಹೇಳಿ. ಹೊರಗಿನಿಂದ ನೀರಲ್ಲಿ ತೊಳೆದರೆ ಸಾಕು.

ಈಗ ಕಾರ್ಡ್ ವಿಷಯ. ಕರ್ನಾಟಕದಲ್ಲಿ ಆರೋಗ್ಯ ಕರ್ನಾಟಕ ಎಂಬ ರಾಜ್ಯ ಸರ್ಕಾರದ ಚಿಕಿತ್ಸೆ ಯೋಜನೆ 2018ರ ಮಾರ್ಚ್‌ನಲ್ಲಿ ಶುರುವಾಯಿತು. ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತ್ ಜೊತೆ ಸೇರಿಸಿದರು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಆದರೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆಯಲ್ಲಿ ಗೊತ್ತುಮಾಡಿದ ದರ) ಶೇ 30 ಮಾತ್ರ ಸರ್ಕಾರದ್ದು, ವರ್ಷಕ್ಕೆ ಒಟ್ಟು 1.5 ಲಕ್ಷದ ಮಿತಿ. ಇಲ್ಲಿ ಜನ ಎಡವುವ ಜಾಗ ಒಂದಿದೆ. ಕಾರ್ಡ್ ಇದೆ ಅಂತ ಸೀದಾ ಖಾಸಗಿ ಆಸ್ಪತ್ರೆಗೆ ಹೋದರೆ ನಡೆಯುವುದಿಲ್ಲ. ಮೊದಲು ಸರ್ಕಾರಿ ಆಸ್ಪತ್ರೆ. ಅಲ್ಲಿ ಆಗದ ಚಿಕಿತ್ಸೆಗೆ ಅವರು ರೆಫರಲ್, ಅಂದರೆ ಬೇರೆ ಆಸ್ಪತ್ರೆಗೆ ಕಳಿಸುವ ಚೀಟಿ ಕೊಟ್ಟರೆ ಮಾತ್ರ, ಯೋಜನೆಯಲ್ಲಿರುವ ಖಾಸಗಿ ಆಸ್ಪತ್ರೆ. ತುರ್ತು ಪರಿಸ್ಥಿತಿಗೆ ಮಾತ್ರ ರೆಫರಲ್ ಬೇಡ. ಕೈಯಿಂದ ಕಟ್ಟಿ ಆಮೇಲೆ ಬಿಲ್ ತಂದುಕೊಟ್ಟರೆ ಹಣ ವಾಪಸ್ ಬರುವ ಯೋಜನೆಯೂ ಇದಲ್ಲ. ಹಾಗಾಗಿ ಆ ಕ್ಲಿನಿಕ್‌ನಲ್ಲಿ ಅಡ್ವಾನ್ಸ್ ಕಟ್ಟಬೇಡಿ.

ನೀವು ಮೊದಲು ಹೊಸನಗರದ ತಾಲೂಕು ಆಸ್ಪತ್ರೆಗೆ ಹೋಗಿ ಮಕ್ಕಳ ಡಾಕ್ಟರ್‌ಗೆ ತೋರಿಸಿ. ಸರ್ಜನ್ ನೋಡಬೇಕು ಅನಿಸಿದರೆ ಅವರೇ ಶಿವಮೊಗ್ಗದ ಮೆಗ್ಗಾನ್‌ಗೆ ಬರೆದುಕೊಡುತ್ತಾರೆ. ಅದು ಮೆಡಿಕಲ್ ಕಾಲೇಜಿನ ಆಸ್ಪತ್ರೆ. ಮಗುವಿಗೆ ಅನಸ್ತೇಷಿಯಾ ಕೊಡುವ ವ್ಯವಸ್ಥೆ ಇರುವ ಕಡೆಯೇ ಮಾಡಿಸುವುದು ಒಳ್ಳೆಯದು. ಮಗ ಶಾಲೆಗೋ ಅಂಗನವಾಡಿಗೋ ಹೋಗುತ್ತಿದ್ದರೆ, ಅಲ್ಲಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಡಾಕ್ಟರ್ ತಂಡಕ್ಕೂ ತೋರಿಸಬಹುದು. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರಬೇಕು. ಟೀಚರ್ ಹತ್ತಿರ ಮೊದಲೇ ಹೇಳಿಟ್ಟರೆ ಮಗುವನ್ನು ಬೇರೆಯಾಗಿ ಕರೆದು ನೋಡುತ್ತಾರೆ. ಅವರೂ ಮೇಲಿನ ಆಸ್ಪತ್ರೆಗೆ ಕಳಿಸುತ್ತಾರೆ.

ಕಾಗದ ಪತ್ರದಲ್ಲಿ ಎರಡು ಕಡೆ ಗಂಟು ಬೀಳುತ್ತದೆ. ಮೊದಲನೆಯದು, ರೇಷನ್ ಕಾರ್ಡಿನಲ್ಲಿ ಮಗುವಿನ ಹೆಸರೇ ಇರುವುದಿಲ್ಲ. ಅಪ್ಪ, ಅಮ್ಮ, ದೊಡ್ಡ ಮಗಳು ಇರುತ್ತಾರೆ, ಆಮೇಲೆ ಹುಟ್ಟಿದವನನ್ನು ಸೇರಿಸಿರುವುದಿಲ್ಲ. ಎರಡನೆಯದು ಆಧಾರ್. ಚಿಕ್ಕ ಮಕ್ಕಳಿಗೆ ಕೊಡುವ ನೀಲಿ ಆಧಾರ್‌ಗೆ ಬೆರಳಚ್ಚು ಇರುವುದಿಲ್ಲ. ಐದು ವರ್ಷ ತುಂಬಿದ ಮೇಲೆ ಬಯೋಮೆಟ್ರಿಕ್ ಅಪ್‌ಡೇಟ್ ಮಾಡಿಸಲೇಬೇಕು. ನಿಮ್ಮ ಮಗ ಸರಿಯಾಗಿ ಆ ವಯಸ್ಸಲ್ಲೇ ಇದ್ದಾನೆ. ಎರಡನ್ನೂ ಈಗಲೇ ನೋಡಿಕೊಳ್ಳಿ. ಮಗುವನ್ನು ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಬಂದ ದಿನ ಹೆಸರು ಸಿಗುವುದಿಲ್ಲ ಅಂತ ಅಲೆದಾಡುವ ತಾಯಂದಿರನ್ನು ನೋಡಿ ನನಗೆ ಹೊಟ್ಟೆ ಉರಿದಿದೆ. ಅನುಮಾನ ಇದ್ದರೆ ಸಹಾಯವಾಣಿ 104 ಅಥವಾ 14555ಕ್ಕೆ ಫೋನ್ ಮಾಡಿ.

ನೀವು ಕೇಳಿಲ್ಲ, ಆದರೆ ಇದನ್ನು ಓದುವ ಬೇರೆಯವರು ಕೇಳುತ್ತಾರೆ: ಧರ್ಮದ ಆಚರಣೆಯಾಗಿ ಮಾಡಿಸುವ ಸುನ್ನತಿಗೆ ಕಾರ್ಡ್ ಆಗುತ್ತಾ? ಇಲ್ಲ. ಆಯುಷ್ಮಾನ್ ಭಾರತ್ ಯೋಜನೆಯಿಂದ ಹೊರಗಿಟ್ಟಿರುವ ಪಟ್ಟಿಯಲ್ಲಿ ಎರಡು ವರ್ಷದೊಳಗಿನ ಮಕ್ಕಳ ಸುನ್ನತಿಯನ್ನು ಹೆಸರು ಹಿಡಿದೇ ಬರೆದಿದ್ದಾರೆ. ಕಾಯಿಲೆಗೋ ಅಪಘಾತಕ್ಕೋ ಬೇಕಾದರೆ ಮಾತ್ರ ವಿನಾಯಿತಿ. ದೊಡ್ಡ ಮಕ್ಕಳಿಗೂ ಚಿಕಿತ್ಸೆಯ ಕಾರಣ ಬೇಕೇ ಬೇಕು. ಖಾಸಗಿ ವಿಮೆ ಕಂಪನಿಗಳ ಪಾಲಿಸಿಗಳಲ್ಲೂ ಸಾಮಾನ್ಯವಾಗಿ ಇದೇ ಷರತ್ತು ಇರುತ್ತದೆ. ಇದರಲ್ಲಿ ಯಾವ ಸಮುದಾಯದ ಮೇಲೂ ದ್ವೇಷ ಇಲ್ಲ. ಇದು ಕಾಯಿಲೆಗೆ ಇಟ್ಟ ದುಡ್ಡು, ಅಷ್ಟೇ. ಮುಸ್ಲಿಂ ಮನೆಯ ಮಗುವಿಗೆ ಫೈಮೋಸಿಸ್ ಇದ್ದರೆ ಅವನಿಗೂ ಆಗುತ್ತದೆ, ಹಿಂದೂ ಮನೆಯ ಮಗುವಿಗೆ ಇಲ್ಲದಿದ್ದರೆ ಅವನಿಗೂ ಆಗುವುದಿಲ್ಲ. ಸುಮ್ನೆ ಫೈಮೋಸಿಸ್ ಅಂತ ಬರೆದುಕೊಡಿ ಸಾರ್ ಎಂದು ಡಾಕ್ಟರನ್ನು ಪೀಡಿಸಬೇಡಿ. ಅದು ಸುಳ್ಳು ದಾಖಲೆ, ಮಗುವಿನ ಹೆಸರಲ್ಲಿ ಉಳಿಯುತ್ತದೆ.

ಆಚರಣೆಗಾಗಿ ಮಾಡಿಸುವವರಿಗೆ ನನ್ನ ಕೋರಿಕೆ ಒಂದೇ. ಕೈಯಿಂದ ಖರ್ಚಾದರೂ ಪರವಾಗಿಲ್ಲ, ಸರ್ಜನ್ ಕೈಯಲ್ಲೇ ಮಾಡಿಸಿ. ಮೊದಲು ಮಗುವನ್ನು ಡಾಕ್ಟರ್ ನೋಡಲಿ. ಮೂತ್ರದ ರಂಧ್ರ ತುದಿಯಲ್ಲಿಲ್ಲದೆ ಕೆಳಭಾಗದಲ್ಲಿದ್ದರೆ ಸುನ್ನತಿ ಮಾಡಿಸಲೇಬಾರದು, ಆಮೇಲೆ ಅದನ್ನು ಸರಿಪಡಿಸುವ ಆಪರೇಷನ್‌ಗೆ ಆ ಚರ್ಮವೇ ಬೇಕಾಗಬಹುದು. ಮನೆತನದಲ್ಲಿ ರಕ್ತ ಬೇಗ ನಿಲ್ಲದ ಕಾಯಿಲೆ ಇದ್ದರೆ ಮುಚ್ಚಿಡದೆ ಹೇಳಿ.

ನಿಮ್ಮ ಮಗನಿಗೆ ಆಪರೇಷನ್ ಬೇಕೇ ಬೇಕು ಅಂತ ಸರ್ಜನ್ ಹೇಳಿದರೆ ಹೆದರಬೇಡಿ. ಎಷ್ಟು ಗಂಟೆಯಿಂದ ಊಟ, ಹಾಲು, ನೀರು ನಿಲ್ಲಿಸಬೇಕು ಅಂತ ಹಿಂದಿನ ದಿನವೇ ಕೇಳಿ ಬರೆದಿಟ್ಟುಕೊಳ್ಳಿ. ಹಳೆಯ ಮೆತ್ತನೆ ಕಾಟನ್ ಲುಂಗಿಯ ಒಂದು ತುಂಡು ಒಯ್ಯಿರಿ, ಚಡ್ಡಿ ಬೇಡ. ಗಾಯ ಸುಮಾರು ಒಂದು ವಾರದಿಂದ ಹತ್ತು ದಿನದಲ್ಲಿ ಮಾಯುತ್ತದೆ. ಮಳೆಗಾಲದಲ್ಲಿ ನಮ್ಮಲ್ಲಿ ಬಟ್ಟೆ ಒಣಗುವುದೇ ಕಷ್ಟ ಅಲ್ವಾ, ತುರ್ತಿಲ್ಲದಿದ್ದರೆ ದೀಪಾವಳಿ ಕಳೆದ ಮೇಲೆ ದಿನ ಕೊಡಿ ಅಂತ ಕೇಳಬಹುದು.

ಒಂದು ಸಂದರ್ಭದಲ್ಲಿ ಮಾತ್ರ ಕಾಯಬೇಡಿ. ಹಿಂದೆ ಎಳೆದ ಚರ್ಮ ಮುಂದಕ್ಕೆ ಬಾರದೆ ಸಿಕ್ಕಿಕೊಂಡು ತುದಿ ಊದಿಕೊಂಡರೆ, ಅಥವಾ ಮಗುವಿಗೆ ಮೂತ್ರವೇ ಕಟ್ಟಿದರೆ, ರಾತ್ರಿಯಾದರೂ ಸರಿ, 108ಕ್ಕೆ ಫೋನ್ ಮಾಡಿ ಹತ್ತಿರದ ಆಸ್ಪತ್ರೆಗೆ ಹೊರಡಿ. ಕಾರ್ಡ್ ಮನೆಯಲ್ಲೇ ಮರೆತಿದ್ದರೂ ಹೊರಡಿ, ಅದನ್ನು ಆಮೇಲೆ ಯಾರಾದರೂ ತಂದುಕೊಡುತ್ತಾರೆ.