ಕೋಲ್ಯಾಬ್‌ನಲ್ಲಿ ವರ್ಚುವಲ್ ಎನ್ವಿರಾನ್‌ಮೆಂಟ್ ಆಕ್ಟಿವೇಟ್ ಮಾಡಿದರೂ ಹಳೆಯ ಪೈಥಾನೇ ಓಡುತ್ತಿದೆ, ಏನು ಮಾಡಲಿ?

ನೀವು ಎರಡು ತೊಂದರೆಗಳನ್ನು ಬರೆದಿದ್ದೀರಿ. ವರ್ಚುವಲ್ ಎನ್ವಿರಾನ್‌ಮೆಂಟ್ ಎಂದರೆ ಒಂದು ಪ್ರಾಜೆಕ್ಟಿನ ಲೈಬ್ರರಿಗಳನ್ನು ಉಳಿದವುಗಳಿಂದ ಬೇರೆಯಾಗಿ ಇಡುವ ಫೋಲ್ಡರ್. ಬ್ರೌಸರ್‌ನಲ್ಲೇ ಪೈಥಾನ್ ಓಡಿಸುವ ಗೂಗಲ್ ಕೋಲ್ಯಾಬ್ ನೋಟ್‌ಬುಕ್‌ನ ಒಂದು ಸೆಲ್‌ನಲ್ಲಿ ‘!ಸೋರ್ಸ್ ಹೊಸಮನೆ/ಬಿನ್/ಆಕ್ಟಿವೇಟ್’ ಓಡಿಸಿದಾಗ ಯಾವ ದೋಷವೂ ಬರಲಿಲ್ಲ, ಆದರೆ ಮುಂದಿನ ಸೆಲ್‌ನಲ್ಲಿ ಹಳೆಯ ಪೈಥಾನೇ ಕುಳಿತಿತ್ತು. ಮರುದಿನ ಅದೇ ಸಾಲು ಓಡಿಸಿದರೆ ‘ಅಂಥ ಫೈಲ್ ಇಲ್ಲ’ ಎಂದಿತು. ಎರಡಕ್ಕೂ ಕಾರಣ ಬೇರೆ ಬೇರೆ. (ಫೋಲ್ಡರಿಗೆ ಹೊಸಮನೆ ಎಂದು ಹೆಸರಿಟ್ಟಿದ್ದು ಚೆನ್ನಾಗಿದೆ, ಅದನ್ನೇ ಬಳಸುತ್ತೇನೆ. ಆದೇಶಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಸೆಲ್‌ನಲ್ಲಿ ಎಂದಿನಂತೆ ಇಂಗ್ಲಿಷ್ ಅಕ್ಷರಗಳಲ್ಲೇ ಒತ್ತಿ.)

ನಾನು ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಸಂಜೆ ಹೊತ್ತು ಎಂಜಿನಿಯರಿಂಗ್ ಹುಡುಗರಿಗೆ ಪೈಥಾನ್ ಹೇಳಿಕೊಡುತ್ತೇನೆ. ಪ್ರಾಜೆಕ್ಟ್ ಸಲ್ಲಿಸುವ ತಿಂಗಳು ಬಂತೆಂದರೆ ಇದೇ ಪ್ರಶ್ನೆ ವಾರಕ್ಕೊಮ್ಮೆಯಾದರೂ ಎದುರಾಗುತ್ತದೆ. ಮೊದಲ ಸಲ ಕೇಳಿದಾಗ ನನಗೂ ಉತ್ತರ ಗೊತ್ತಿರಲಿಲ್ಲ. ಆಕ್ಟಿವೇಟ್ ಸಾಲನ್ನೇ ಹತ್ತು ಸಲ ಓಡಿಸಿ ಒಂದು ಸಂಜೆ ಕಳೆದಿದ್ದೆ.

ಕಾರಣ ಇಷ್ಟೇ. ಆಶ್ಚರ್ಯಸೂಚಕ ಚಿಹ್ನೆಯಿಂದ ಶುರುವಾಗುವ ಪ್ರತಿ ಸಾಲಿಗೂ ನೋಟ್‌ಬುಕ್ ಒಂದು ಹೊಸ ಶೆಲ್ (ಆದೇಶಗಳನ್ನು ಓಡಿಸುವ ಪ್ರೋಗ್ರಾಂ) ತೆರೆಯುತ್ತದೆ, ಸಾಲು ಮುಗಿದ ಕೂಡಲೇ ಮುಚ್ಚಿಬಿಡುತ್ತದೆ. ಆಕ್ಟಿವೇಟ್ ಮಾಡುವ ಮುಖ್ಯ ಕೆಲಸವೆಂದರೆ ತಾನಿರುವ ಶೆಲ್‌ನ ಪಾತ್ ಪಟ್ಟಿಯ (ಪ್ರೋಗ್ರಾಂಗಳನ್ನು ಎಲ್ಲೆಲ್ಲಿ ಹುಡುಕಬೇಕೆಂಬ ಪಟ್ಟಿ) ತಲೆಯಲ್ಲಿ ಹೊಸಮನೆಯ ಬಿನ್ ಫೋಲ್ಡರನ್ನು ಇಡುವುದು. ಆ ಶೆಲ್ ಹೋಯಿತು, ಪಟ್ಟಿಯೂ ಹೋಯಿತು. ಹಬ್ಬದ ಹಿಂದಿನ ದಿನ ಗದಗಿನ ಬಸ್ಸಿಗೆ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದು, ಹತ್ತುವುದು ಮಾತ್ರ ಹಿಂದೆ ನಿಂತ ಬಸ್ಸನ್ನು ಎಂಬಂತೆ. ಟವೆಲ್ ಸರಿಯಾಗಿಯೇ ಬಿದ್ದಿತ್ತು, ಆದ್ದರಿಂದಲೇ ದೋಷ ಬರಲಿಲ್ಲ. ಫೋಲ್ಡರ್ ಬದಲಿಸುವ ‘!ಸಿಡಿ’ ಹೊಡೆದರೆ ಫೋಲ್ಡರ್ ಬದಲಾಗದಿರುವುದೂ ಇದೇ ಕಾರಣಕ್ಕೆ. ಅದಕ್ಕೆ ‘%ಸಿಡಿ’ ಎಂಬ ಮದ್ದಿದೆ, ಆಕ್ಟಿವೇಟ್‌ಗೆ ಅಂಥದ್ದಿಲ್ಲ.

ಹಾಗಾಗಿ ನನ್ನ ಸಲಹೆ: ಆಕ್ಟಿವೇಟ್ ಮಾಡುವುದನ್ನೇ ಬಿಟ್ಟುಬಿಡಿ. ಪದೇ ಪದೇ ಉದ್ದನೆಯ ದಾರಿ ಬರೆಯುವ ಕಷ್ಟ ತಪ್ಪಲಿ ಎಂದು ಇರುವ ಅನುಕೂಲ ಅದು, ಅದಿಲ್ಲದೆಯೂ ಎನ್ವಿರಾನ್‌ಮೆಂಟ್ ಪೂರ್ತಿ ಕೆಲಸ ಮಾಡುತ್ತದೆ. ‘!ಹೊಸಮನೆ/ಬಿನ್/ಪಿಪ್ ಇನ್‌ಸ್ಟಾಲ್’ ಎಂದು ಲೈಬ್ರರಿ ಹಾಕಿ, ‘!ಹೊಸಮನೆ/ಬಿನ್/ಪೈಥಾನ್’ ಎಂದು ಬರೆದು ಮುಂದೆ ನಿಮ್ಮ ಫೈಲಿನ ಹೆಸರು ಕೊಡಿ. ನಾಲ್ಕಾರು ಆದೇಶಗಳಿದ್ದರೆ ಸೆಲ್‌ನ ಮೊದಲ ಸಾಲಿನಲ್ಲಿ ‘%%ಬ್ಯಾಷ್’ ಎಂದು ಬರೆಯಿರಿ. ಆಗ ಇಡೀ ಸೆಲ್ ಒಂದೇ ಶೆಲ್‌ನಲ್ಲಿ ಓಡುತ್ತದೆ, ಅಲ್ಲಿ ಆಕ್ಟಿವೇಟ್ ಕೂಡ ಆ ಸೆಲ್ ಮುಗಿಯುವವರೆಗೆ ನಿಲ್ಲುತ್ತದೆ.

ಬಹಳ ಜನ ಎಡವುವುದು ಇದರ ನಂತರ. ಹೊಸಮನೆಯಲ್ಲಿ ಲೈಬ್ರರಿ ಹಾಕಿ, ಸಾಮಾನ್ಯ ಸೆಲ್‌ನಲ್ಲಿ ಇಂಪೋರ್ಟ್ ಬರೆದು, ಸಿಗಲಿಲ್ಲವೆಂದು ತಲೆ ಕೆಡಿಸಿಕೊಳ್ಳುತ್ತಾರೆ. ಸೆಲ್‌ನ ಕೋಡನ್ನು ಓಡಿಸುವುದು ಕರ್ನಲ್. ಅದು ನೋಟ್‌ಬುಕ್ ಕೋಲ್ಯಾಬ್‌ನ ಯಂತ್ರಕ್ಕೆ ಸೇರಿಕೊಂಡಾಗಲೇ ತನ್ನದೇ ಪೈಥಾನ್‌ನೊಂದಿಗೆ ಶುರುವಾಗಿದೆ, ಶೆಲ್‌ನಲ್ಲಿ ಏನೇ ಮಾಡಿದರೂ ಅದಕ್ಕೆ ತಟ್ಟುವುದಿಲ್ಲ. ‘ಇಂಪೋರ್ಟ್ ಸಿಸ್’ ಮಾಡಿ ‘ಸಿಸ್.ಎಕ್ಸಿಕ್ಯೂಟಬಲ್’ ಮುದ್ರಿಸಿ ನೋಡಿ, ಹೊಸಮನೆಯ ಹೆಸರೇ ಇರುವುದಿಲ್ಲ. ಕೋಡನ್ನು ‘%%ರೈಟ್‌ಫೈಲ್’ ಬಳಸಿ ಒಂದು ಫೈಲಿಗೆ ಬರೆದು, ಆ ಫೈಲನ್ನು ಹೊಸಮನೆಯ ಪೈಥಾನ್‌ಗೆ ಕೊಡುವುದೇ ಶುದ್ಧವಾದ ದಾರಿ. ಪೈಥಾನ್ ಲೈಬ್ರರಿ ಹುಡುಕುವ ಪಟ್ಟಿಯಾದ ಸಿಸ್.ಪಾತ್‌ಗೆ ಫೋಲ್ಡರ್ ತುರುಕುವ ಉಪಾಯವನ್ನೂ ಕೆಲವರು ಹೇಳುತ್ತಾರೆ. ನಂಪೈನಂಥ ಲೈಬ್ರರಿ ಆಗಲೇ ಹಳೆಯ ಆವೃತ್ತಿಯಲ್ಲಿ ಲೋಡ್ ಆಗಿದ್ದರೆ ಎರಡೂ ಕಲಸಿಕೊಂಡು ಇನ್ನೂ ವಿಚಿತ್ರ ದೋಷಗಳು ಬರುತ್ತವೆ, ನಾನಂತೂ ಆ ದಾರಿ ಬಿಟ್ಟಿದ್ದೇನೆ.

ಇನ್ನು ‘ಅಂಥ ಫೈಲ್ ಇಲ್ಲ’. ನಿಮ್ಮದು ಮರುದಿನ ಬಂದದ್ದರಿಂದ, ರನ್‌ಟೈಮ್ (ಕೋಲ್ಯಾಬ್ ಕೊಟ್ಟ ತಾತ್ಕಾಲಿಕ ಯಂತ್ರ) ಕಡಿದು ಅದರ ಕಂಟೆಂಟ್ ಫೋಲ್ಡರಿನಲ್ಲಿದ್ದುದೆಲ್ಲ ಅಳಿಸಿಹೋಗಿದೆ, ಮತ್ತೆ ಕಟ್ಟಬೇಕು ಅಷ್ಟೇ. ಕಟ್ಟಿದ ತಕ್ಷಣವೇ ಈ ದೋಷ ಬಂದರೆ ಮೇಲಿನ ಸೆಲ್‌ನಲ್ಲಿ ಎನ್ಶೂರ್‌ಪಿಪ್ ಎಂಬ ಪದ ಹುಡುಕಿ. ಎನ್ವಿರಾನ್‌ಮೆಂಟ್‌ನೊಳಗೆ ಪಿಪ್ ಹಾಕುವ ಆ ಹಂತ ವಿಫಲವಾಗಿ ಫೋಲ್ಡರ್ ಅರ್ಧಕ್ಕೇ ನಿಂತಿರುತ್ತದೆ, ಒಳಗೆ ಆಕ್ಟಿವೇಟ್ ಕಡತವೇ ಇರುವುದಿಲ್ಲ. ಆ ಫೋಲ್ಡರ್ ಅಳಿಸಿ, ‘!ಪಿಪ್ ಇನ್‌ಸ್ಟಾಲ್ ವರ್ಚುವಲ್‌ಎನ್ವ್’ ಮಾಡಿ, ‘!ವರ್ಚುವಲ್‌ಎನ್ವ್ ಹೊಸಮನೆ’ ಎಂದು ಕಟ್ಟಿ. ಉಳಿಯಲಿ ಎಂದು ಗೂಗಲ್ ಡ್ರೈವ್‌ನಲ್ಲಿ ಕಟ್ಟಲು ಹೋಗಬೇಡಿ. ಅಲ್ಲಿಂದ ಪೈಥಾನ್ ಓಡಿಸಹೋದರೆ ಅನುಮತಿ ಇಲ್ಲ ಎಂಬ ದೋಷ ಕಾದಿರುತ್ತದೆ, ಸಾವಿರಾರು ಸಣ್ಣ ಫೈಲುಗಳ ಭಾರಕ್ಕೆ ಎಲ್ಲವೂ ಆಮೆಯಾಗುತ್ತದೆ. ಡ್ರೈವ್‌ನಲ್ಲಿ ರಿಕ್ವೈರ್‌ಮೆಂಟ್ಸ್ ಫೈಲ್ (ಬೇಕಾದ ಲೈಬ್ರರಿಗಳ ಪಟ್ಟಿ) ಒಂದಿದ್ದರೆ ಸಾಕು.

ಕೊನೆಯದಾಗಿ, ನಿಮಗೆ ಇದು ನಿಜಕ್ಕೂ ಬೇಕೇ? ಹಾವೇರಿ ಕಡೆಯ ವಿದ್ಯಾರ್ಥಿಯೊಬ್ಬ ಬ್ಯಾಡಗಿ ಮೆಣಸಿನಕಾಯಿಯ ಫೋಟೋ ನೋಡಿ ದರ್ಜೆ ಹೇಳುವ ಪ್ರಾಜೆಕ್ಟ್ ಮಾಡುತ್ತಿದ್ದ. ಎಲ್ಲಿಂದಲೋ ತಂದ ಹಳೆಯ ಕೋಡು ಯಂತ್ರಕಲಿಕೆಯ ಲೈಬ್ರರಿಯಾದ ಟೆನ್ಸರ್‌ಫ್ಲೋದ 1.15 ಆವೃತ್ತಿ ಕೇಳುತ್ತಿತ್ತು. ಎನ್ವಿರಾನ್‌ಮೆಂಟ್ ಕಟ್ಟಿದರೆ ಬರುತ್ತದೆ ಎಂದು ಎರಡು ರಾತ್ರಿ ಗುದ್ದಾಡಿ, ಮೂರನೆಯ ಸಂಜೆ ಕೆಂಪು ಕಣ್ಣು ಹೊತ್ತು ಬಂದ. ಆ ಆವೃತ್ತಿ ಪೈಥಾನ್ 3.7ರಿಂದಾಚೆಗೆ ಸಿಗುವುದೇ ಇಲ್ಲ. ವೆನ್ವ್ (ಎನ್ವಿರಾನ್‌ಮೆಂಟ್ ಕಟ್ಟುವ ಪೈಥಾನ್‌ನದೇ ಸಾಧನ) ಲೈಬ್ರರಿಗಳನ್ನು ಬೇರೆ ಮಾಡುತ್ತದೆಯೇ ಹೊರತು ಪೈಥಾನ್ ಆವೃತ್ತಿಯನ್ನು ಬದಲಿಸುವುದಿಲ್ಲ. ಪೈಥಾನ್ ಆವೃತ್ತಿಯೇ ಬೇರೆ ಬೇಕಿದ್ದವರು ಯುವಿ ಅಥವಾ ಕಾಂಡಾದಂಥ ಸಾಧನ ಬಳಸಬೇಕು. ಅವನಿಗೆ ಅದೂ ಬೇಕಾಗಲಿಲ್ಲ. ಕೋಡಿನ ಹತ್ತಾರು ಸಾಲುಗಳನ್ನು ಟೆನ್ಸರ್‌ಫ್ಲೋ ಜೊತೆ ಬಳಸುವ ಹೊಸ ಕೆರಾಸ್ ಲೈಬ್ರರಿಗೆ ಹೊಂದಿಸಿದೆವು, ಗಿರ್ಮಿಟ್ ತಿಂದು ಮುಗಿಸುವಷ್ಟರಲ್ಲಿ ತರಬೇತಿ ಶುರುವಾಗಿತ್ತು.

ಕೋಲ್ಯಾಬ್ ಕೊಡುವ ಯಂತ್ರವೇ ಬಳಸಿ ಬಿಸಾಡುವಂಥದ್ದು. ಒಂದೆರಡು ಲೈಬ್ರರಿಗಳ ಆವೃತ್ತಿ ಬದಲಿಸುವುದಷ್ಟೇ ನಿಮ್ಮ ಕೆಲಸವಾದರೆ ‘%ಪಿಪ್ ಇನ್‌ಸ್ಟಾಲ್’ ಮುಂದೆ ಹೆಸರು, ಎರಡು ಸಮ ಚಿಹ್ನೆ, ಆವೃತ್ತಿ ಬರೆದು ಓಡಿಸಿ, ಸೆಷನ್ ರಿಸ್ಟಾರ್ಟ್ ಮಾಡಿ. ಆಗಲೂ ಆಗದಿದ್ದರೆ ಯಾವ ಲೈಬ್ರರಿ, ಯಾವ ಆವೃತ್ತಿ ಎಂದು ಬರೆದು, ದೋಷದ ಕೊನೆಯ ಮೂರು ಸಾಲು ಅಂಟಿಸಿ, ನೋಡುತ್ತೇನೆ.